ಅತ್ತೆಯವರ ಕಾಯಿಪಲ್ಲೆ ಮಡಿ

ನಮ್ಮ ಅತ್ತೆಯವರ ಬಲಗಾಲಿನ ಹೆಬ್ಬೆರಳು ಚಪ್ಪಟೆಯಾಗಿತ್ತು, ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಖಾಯಂ. ಕಾಯಿಪಲ್ಲೆಯ ಮಡಿ ಹದವಾಯಿತೋ ಇಲ್ಲವೋ ಎಂದು ಅವರು ನೋಡುತ್ತಿದ್ದುದು ಆ ಬೆರಳಿನಿಂದಲೇ. ಅಂಚಿನಲ್ಲಿ ನಿಂತು ಒತ್ತಿದರೆ ಬೆರಳು ಪೂರ್ತಿ ಇಳಿಯಬೇಕು. ಇಳಿಯದಿದ್ದರೆ, "ಇನ್ನೊಮ್ಮಿ ಅಗಿಯವಾ" ಎಂದು ಗುದ್ದಲಿ ನನ್ನ ಕೈಗೆ ಕೊಟ್ಟು, ತಾವು ಚಹಾ ಕುಡಿಯಲು ಹೋಗುತ್ತಿದ್ದರು.

ಬೆಳಗಾವಿಯ ಶಿವಬಸವ ನಗರದಲ್ಲಿ ಬೆಳೆದ ನಾನು ಗುಂಜಿ ಹಳ್ಳಿಯ ಈ ಸಣ್ಣ ತೋಟಕ್ಕೆ ಸೊಸೆಯಾಗಿ ಬಂದಾಗ ಕುಂಡದ ತುಳಸಿಯನ್ನೂ ಒಣಗಿಸಿದ್ದವಳು. ಅತ್ತೆ ಬೈದೇ ಕಲಿಸಿದರು. ಮಳೆಗೆ ಮುಂಚೆ ಮಡಿ ಅಗಿದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಕಾಡಿನ ತರಗೆಲೆ ಹೊದಿಸಬೇಕು. ಆಮೇಲೆ ಅದರ ಮೇಲೆ ಯಾರೂ ಕಾಲಿಡಕೂಡದು. ಒಮ್ಮೆ ಊರಿನ ಹಿರಿಯರೊಬ್ಬರು ಮಡಿ ತುಳಿದುಕೊಂಡೇ ಬಂದರು. "ಬರ್ರಿ, ಕುಂದರ್ರಿ. ಹೋಗೂ ಮುಂದ ಮಾತ್ರ ಸುತ್ತ ಹಾಕಿ ಹೋಗ್ರಿ. ಮಣ್ಣಿಗೂ ಉಸರಾಡಾಕ ಬೇಕಲ್ಲ" ಅಂದರು ಅತ್ತೆ. ಆ ಹಿರಿಯರು ಚಹಾ ಕುಡಿಯದೇ ಎದ್ದುಹೋದರು.

ಮಾವನವರ ಸಮಾಧಿ ತೋಟದ ಮೂಲೆಯಲ್ಲೇ ಇದೆ. ಬೆಳಗಾವಿಯಲ್ಲಿ ಕಟ್ಟಡದ ಗುತ್ತಿಗೆ ಹಿಡಿಯುವ ನನ್ನ ಭಾವ, ಅತ್ತೆಯ ಹಿರಿಯ ಮಗ, ಅದರ ಮೇಲೆ ಸಿಮೆಂಟ್ ಕಟ್ಟೆ ಕಟ್ಟಿಸಿ ಟೈಲ್ಸ್ ಹಾಕಿಸಿದ್ದರು. ಅಲ್ಲಿ ವಿಭೂತಿ ಇಡುವಾಗೆಲ್ಲ ಅತ್ತೆ ಮುಖ ಸಿಂಡರಿಸುತ್ತಿದ್ದರು. ಕೊನೆಯ ಬೇಸಿಗೆಯಲ್ಲಿ, ಹಾಸಿಗೆ ಹಿಡಿಯುವ ಮುಂಚೆ, ನನ್ನನ್ನು ಕರೆದರು.

"ನನ್ನ ಮ್ಯಾಲ ಸಿಮೆಂಟ್ ಹಾಕಾಕ ಬಿಡಬ್ಯಾಡ. ಮಡಿ ಮಾಡು. ಉಸರು ಕಟ್ಟತೈತಿ."

"ಸತ್ತ ಮ್ಯಾಲ ಉಸರು ಎಲ್ಲಿರತೈತ್ರಿ, ಅತ್ತಿ?"

"ನಂದಲ್ಲ, ಹುಚ್ಚಿ. ಮಣ್ಣಿಂದು."

ಅವರು ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಮಾವನವರ ಪಕ್ಕದಲ್ಲೇ ಕೂರಿಸಿ ಮಣ್ಣು ಮಾಡಿದೆವು. ಕೆಲವು ದಿನ ಕಳೆದು ಭಾವ ಸಿಮೆಂಟ್ ಚೀಲಗಳೊಂದಿಗೆ ಬಂದಿಳಿದರು. ಅವರೆದುರು ಎಂದೂ ದನಿಯೆತ್ತದ ನಾನು ಅಡ್ಡ ನಿಂತು ಅತ್ತೆಯ ಮಾತು ಹೇಳಿದೆ.

"ಅವ್ವಗ ಒಂದು ಕಟ್ಟಿನೂ ಕಟ್ಟಬಾರದೇನವಾ?" ಅವರ ಕಣ್ಣು ತುಂಬಿತ್ತು. "ನನಗ ಬರೂದು ಅದೊಂದ ಕೆಲಸ."

ನನಗೂ ಅಳು ಬಂತು. ಆದರೂ ಜಾಗ ಬಿಡಲಿಲ್ಲ. ಭಾವ ಕೊನೆಗೆ ಬೂಟು ಕಳಚಿದರು.

"ಅಗಲ ಎಷ್ಟ ಇಡೂಣು?"

"ಯಾವ ಬಾಜೂಕ ಕುಂತು ಕೈ ಚಾಚಿದ್ರೂ ನಡುವ ಮುಟ್ಟಬೇಕ್ರಿ, ಭಾವಾರ."

ಮೇಲ್ಮಣ್ಣು ಸಡಿಲಿಸಿ, ಗೊಬ್ಬರ ಬೆರೆಸಿ, ಅರಿಶಿನದ ಗೆಡ್ಡೆ ಊರಿದೆವು. ಎಲ್ಲ ಮುಗಿದ ಮೇಲೆ ಭಾವ ಅಂಚಿನಲ್ಲಿ ಮೊಣಕಾಲೂರಿ, ಅಳತೆ ನೋಡುವವರಂತೆ ಕೈ ಚಾಚಿದರು. ನಡುವಿಗೆ ಮುಟ್ಟಿತು. ನಾನು ಊಟಕ್ಕೆ ಕರೆದೆ. ಅವರು ಆ ಕೈ ತೆಗೆಯಲಿಲ್ಲ.