ಪಾಲಪ್ಪ ಸೂರ್ಯನಿಗೆ ತಾಡಪತ್ರಿ ಹೊದಿಸಿದ್ದು

ಕುರೆಕುಪ್ಪದ ಕಡೆ ಕಲ್ಲಿದ್ದಲು ಇಳಿಸಿದ ಒಂದು ತಿಂಗಳ ಕೂಲಿ ಪಾಲಪ್ಪನಿಗೆ ಇನ್ನೂ ಬರಬೇಕು. ಗುತ್ತಿಗೆದಾರ ಕೊಡುವುದಿಲ್ಲ, ಯಾಕೆಂದರೆ ಅದೇ ಕಲ್ಲಿದ್ದಲಿನ ರಾಶಿ ಹತ್ತಿ ನಿಂತು "ಕಲ್ಲಿದ್ದಲು ಬ್ಯಾಡ, ಬಿಸಿಲು ಸಾಕು" ಎಂದು ಕೂಗಿದವನು ಪಾಲಪ್ಪನೇ. ಕೂತ ಕೊಂಬೆಯನ್ನೇ ಕಡಿದ ಎಂದು ಅವನ ಊರು ಗಾದಿಗನೂರು ನಕ್ಕಿತು. ಪಾಲಪ್ಪನೂ ನಕ್ಕ. ಚೀನಾ, ಬ್ರೆಜಿಲ್, ನಮ್ಮ ದೇಶ ಯಾವಾಗ ಕಲ್ಲಿದ್ದಲು ಬಿಡಬೇಕೆಂದು ಚಹಾದಂಗಡಿಯಲ್ಲಿ ಕೂತು ಗಡುವು ಕೊಡುತ್ತಿದ್ದವನಿಗೆ ಬೀಡಿ ಬಿಡಲು ಮಾತ್ರ ಆಗಿರಲಿಲ್ಲ.

ಮನೆ ನಡೆಸಿದ್ದು ಹೆಂಡತಿ ಉಚ್ಚೆಂಗಮ್ಮ. ಹೊಸಪೇಟೆಯ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ತೋಳು ಸೋತಾಗ, ಗಂಡನ ಭಾಷಣ ನಂಬಿ, ಸೋಲಾರ್ ರೊಟ್ಟಿ ಮಷೀನು ತಂದಳು. ವಾರ ಕಳೆಯುವುದರೊಳಗೆ ಮಷೀನು ನಿಂತಿತು. ಖಾನಾವಳಿಯವರ ಫೋನು ಬಂತು: "ಅಕ್ಕಾ, ನಾಳಿಗೆ ರೊಟ್ಟಿ ಬರ್ಲಿಲ್ಲಂದ್ರ ಬ್ಯಾರೇರಿಗೆ ಹೇಳ್ತೀವಿ ನೋಡ್ರಿ."

ಪಾಲಪ್ಪನಿಗೆ ಹಳೇ ರೋಷ ಉಕ್ಕಿತು. ಮರುದಿನ ಬೆಳಿಗ್ಗೆಯೇ ಹೋಗಿ, ಮಷೀನು ಮಾರಿದ ಅಂಗಡಿಯ ಮುಂದೆ ಒಬ್ಬನೇ ಧರಣಿ ಕೂತ. "ಬಡವರಿಗೆ ಮೋಸ! ಮೋಸ!" ಅಂಗಡಿಯ ಮೆಕ್ಯಾನಿಕ್ ಸ್ಫೂರ್ತಿ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿಗೆ ಬಂದು ಮಾಳಿಗೆ ಹತ್ತಿದಳು.

"ಕಾಕಾ, ಪ್ಯಾನೆಲ್ ಮ್ಯಾಲೆ ತಾಡಪತ್ರಿ ಹಾಕಿದ್ಯಾರು?"

"ನಾನ, ಮೊನ್ನೆ. ಧೂಳು ಕುಂದರಬಾರ್ದಂತ."

ಅದಿರು ಲಾರಿಗಳ ಕೆಂಪು ಧೂಳಿಗೆ ಹೆದರಿ ಕೊಡ, ಹಿಟ್ಟು, ತೊಟ್ಟಿಲು ಎಲ್ಲವನ್ನೂ ಮುಚ್ಚಿಡುವುದು ಆ ಊರಿನ ರೂಢಿ. ಹೊಸ ಸಾಮಾನನ್ನು ಮುಚ್ಚದೆ ಬಿಡುವುದುಂಟೇ?

"ಬಿಸಿಲು ಹೆಂಗ ಬೀಳ್ತತಿ ಕಾಕಾ?"

"ತಾಡಪತ್ರಿ ಕೆಳಗ ಮಲಗಿ ನೋಡವ್ವಾ, ಬೆಂದು ಹೋಗ್ತಿ. ಅಷ್ಟು ಕಾವು ಬಂದಮ್ಯಾಲೆ ಕರೆಂಟ್ ಬರಂಗಿಲ್ಲೇನು?"

ಅಂಗಳದಿಂದ ಉಚ್ಚೆಂಗಮ್ಮ ಕೂಗಿದಳು: "ದೇಶ ತಿದ್ದಾಕ ಹೋದೋರು, ಸೂರ್ಯಗ ಕೌದಿ ಹೊಚ್ಚಿ ಮಲಗಿಸೀರಲ್ರೀ!"

ತಾಡಪತ್ರಿ ತೆಗೆದರು. ಮಧ್ಯಾಹ್ನ ಮಷೀನು ತಿರುಗಿತು, ಸಂಜೆಗೆ ರೊಟ್ಟಿ ಹೋಯಿತು, ಗಿರಾಕಿ ಉಳಿಯಿತು. ಆದರೆ ಕೆಲವೇ ದಿನಗಳಲ್ಲಿ ಪ್ಯಾನೆಲ್ ಕೆಂಪಡರಿ ಮಷೀನು ತಿಣುಕತೊಡಗಿತು. ಮುಚ್ಚಿದರೆ ಕರೆಂಟಿಲ್ಲ, ತೆರೆದರೆ ಧೂಳು. ಈಗ ಪಾಲಪ್ಪ ದಿನಾ ಮಾಳಿಗೆ ಹತ್ತಿ, ಹೆಂಡತಿ ಕೊಟ್ಟ ಕೊಡ ನೀರಲ್ಲಿ ಪ್ಯಾನೆಲ್ ಮುಖ ತೊಳೆಯುತ್ತಾನೆ.

"ಯಾಕಲೇ ಪಾಲಪ್ಪ, ದೇಶ ಕಲ್ಲಿದ್ದಲು ಬಿಡ್ತೇನು?" ಎಂದು ಕೆಳಗೆ ಹೋಗುವವರು ಕೆಣಕುತ್ತಾರೆ.

"ದೇಶ ಬಿಸಿಲೇನೋ ತಂದೈತಪ್ಪಾ. ಹಳೇ ಧೂಳಿನ ದಂಧೆ ಬಿಟ್ಟಿಲ್ಲ. ಅದು ಬಂದು ದಿನಾ ಪ್ಯಾನೆಲ್ ಮಕಕ್ಕ ಉಗುಳತತಿ, ನಾ ಒರಸ್ತೀನಿ."

ಒಂದು ದಿನ ಮೈ ಹುಷಾರಿಲ್ಲದೆ ಅವನು ಮಲಗಿದರೆ, ಉಚ್ಚೆಂಗಮ್ಮ ಮತ್ತೆ ರೊಟ್ಟಿ ಬಡಿಯಬೇಕು.

ಸಂಡೂರು ರಸ್ತೆಯಲ್ಲಿ ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡಾಗ ನೀವು ಕಾರಿನ ಗಾಜು ಏರಿಸಿಕೊಳ್ಳುತ್ತೀರಲ್ಲ, ಇನ್ನು ಏರಿಸಬೇಡಿ. ಇಳಿಯಿರಿ. ಅಡ್ಡ ನಿಲ್ಲಿ. ಲಾರಿಯವರು ಅದಿರಿಗೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದ ಮೇಲೆಯೇ ದಾರಿ ಬಿಡಿ.