ಜೋಳದ ಬೇರು ಕುಡಿಯೋ ಬಿಳಿ ಹೂವು

ಬಿಳಿಕಸ ಅಂದ್ರ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಗೇಣುದ್ದದ ಗಿಡ, ಹಸಿರು ಎಲಿ, ಉಗುರಿನಷ್ಟು ಬಿಳಿ ಹೂವು. ನೋಡಿದ್ರ ಪಾಪದ ಗಿಡ ಅನ್ನಿಸ್ತೈತಿ. ಕುರುಗೋಡಿನಾಗ ನಮ್ಮ ಹಳ್ಳದ ಹೊಲದಾಗ ಜೋಳದ ಬುಡಕ್ಕ ಅದು ಮೊದಲು ಕಂಡಾಗ ನನ್ನ ಮಗಳು ಓಡಿಹೋಗಿ ಕಿತ್ತಳು. ಐದೋ ಆರೋ ವರ್ಷದಾಕಿ.

"ಅವ್ವಾ, ಮುಡಿಸು."

"ಒಗಿ ಅತ್ಲಾಗ. ಕಳ್ಳ ಗಿಡ ಅದು."

"ಗಿಡ ಹೆಂಗ ಕದಿತೈತಿ? ಕೈ ಎಲ್ಲದಾವು?"

ಕಳೆ ತೆಗೆಯೋ ಕುರ್ಚಿಗಿ ತಗೊಂಡು ಬುಡ ಅಗದು ತೋರಿಸಿದೆ. ಕಸದ ಬೇರು ಜೋಳದ ಬೇರಿಗೆ ಕಚ್ಚಿಕೊಂಡಿತ್ತು. "ನೋಡು, ಜೋಳ ನೆಲದಾಗಿನ ನೀರು ಎಳಕೊಂತೈತಿ. ಇದು ಅದಕ್ಕ ಬಾಯಿ ಹಚ್ಚಿ ಕುಡಿತೈತಿ. ನೆಲದ ಮ್ಯಾಲ ಬರೋದಕ್ಕ ಮೊದಲೇ ಹೊಟ್ಟಿತುಂಬ ಉಂಡಿರ್ತೈತಿ."

"ಕೂಸು ಮೊಲಿ ಕುಡದಂಗ?"

"ಕೂಸು ಕುಡದ್ರ ತಾಯಿ ಸಾಯಂಗಿಲ್ಲ."

ಅದರ ಬೀಜ ನಶ್ಯದ ಪುಡಿಗಿಂತ ಸಣ್ಣದು. ವರ್ಷಗಟ್ಟಲೆ ಮಣ್ಣಾಗ ಸತ್ತಂಗ ಬಿದ್ದಿರ್ತೈತಿ. ಜೋಳದ ಬೇರು ಹತ್ರ ಬಂತೋ, ಎದ್ದು ಕುಂದರ್ತೈತಿ. ಹತ್ತಿ ಬಿತ್ತಿದ್ರ ಅದಕ್ಕ ಉಣ್ಣಾಕ ಆಗಂಗಿಲ್ಲ.

ಆ ವರ್ಷ ನಾನೂ ನನ್ನ ನೆಗೆಣ್ಣಿ, ಅಂದ್ರ ಭಾವನ ಹೆಂಡ್ತಿ, ಇಬ್ರೇ ಸಾಲು ಹಿಡದು ಕಸ ಕಿತ್ತೀವಿ. ಕಳೆ ತೆಗೆಯೋದು ಹೆಂಗಸರ ಕೆಲಸ. ಗಂಡಸರು ತಿರುಗಿ ನೋಡಲಿಲ್ಲ.

ಬ್ಯಾಸಿಗ್ಯಾಗ ಭಾವ, ನನ್ನ ಗಂಡ, ಅಣ್ಣತಮ್ಮರಿಬ್ರೂ ಪಾಲಾದ್ರು. ಹಿರಿಯಾವ ಪಾಲು ಮಾಡಬೇಕು, ಕಿರಿಯಾವ ಮೊದಲು ಆರಿಸಬೇಕು ಅನ್ನೋದು ನಮ್ಮ ಕಡೆ ರೂಢಿ. ಮೋಸ ಆಗಬಾರದು ಅಂತ. ಭಾವ ಎರಡು ಪಾಲು ಮಾಡಿದ. ಒಂದು ಗುಡ್ಡದ ಕಡಿ ಕಲ್ಲು ಹೊಲ, ಇನ್ನೊಂದು ಹಳ್ಳದ ಕಡಿ ಕರಿಮಣ್ಣಿನ ಯರಿಹೊಲ. ಬ್ಯಾಸಿಗ್ಯಾಗ ಯರಿ ಕರ್ರಗ ಬಿರಿದು ಬಿದ್ದಿತ್ತು, ಕಸ ಎಲ್ಲಿ ಕಾಣಬೇಕು?

ರೊಟ್ಟಿ ನೀಡುವಾಗ ಗಂಡಗ ಹೇಳಿದೆ. "ಹಳ್ಳದ ಹೊಲ ಬ್ಯಾಡ್ರಿ. ಬಿಳಿಕಸ ಬಿದ್ದೈತಿ."

"ಯರಿ ಬಿಟ್ಟು ಕಲ್ಲು ಆರಿಸಲೇನಲೇ? ಹೂವಿಗೆ ಅಂಜಿದ ಅಂತ ಮಂದಿ ನಗಬೇಕೇನು?"

"ನನ್ನ ಮಾತು ಬ್ಯಾಡ, ನಿಮ್ಮ ಅತ್ತಿಗಿನ್ನ ಕೇಳ್ರಿ. ಅಕೀನೂ ಕಿತ್ತಾಳ."

ಕೇಳಿದ. ಹಿರೇರು ನಮ್ಮ ಮನಿ ಕಟ್ಟಿ ಮ್ಯಾಲ ಕುಂತಾಗ, ಎಲ್ರಿಗೂ ಕೇಳೋಹಂಗ. "ಅತ್ತಿಗೀ, ಹಳ್ಳದ ಹೊಲದಾಗ ಕಸ ಐತೇನ್ರಿ?"

ಅಕಿ ಬಾಗಿಲ ಹಿಂದಿನಿಂದ ನಕ್ಕಳು. "ಕಸ ಇಲ್ಲದ ಹೊಲ ಎಲ್ಲೈತೋ ತಮ್ಮಾ!"

ಹಿರೇರೂ ನಕ್ರು. ನನ್ನ ಗಂಡ ಹಳ್ಳದ ಹೊಲ ಆರಿಸಿದ.

ಹಿಂಗಾರಿಗೆ ಜೋಳ ಬಿತ್ತಿದ್ವಿ. ಮೊಳಕಾಲುಮಟ ಚಲೋ ಬಂತು. ಆಮ್ಯಾಲ ಎಲಿ ಸುಟ್ಟಂಗಾದವು. ನೆಲ ಹಸಿ ಇತ್ತು, ಜೋಳ ಮಾತ್ರ ಬಾಯಾರಿ ನಿಂತಿತ್ತು. ಸಾಲುಸಾಲಿಗೆ ಬಿಳಿ ಹೂವು. ಗಂಡ ತಾನೇ ಕುಂತು ಕಿತ್ತ, ನನ್ನ ಮಾರಿ ನೋಡಲಿಲ್ಲ. ತೆನಿ ಜೊಳ್ಳು.

"ಮುಂದಿನ ವರ್ಷ ಹತ್ತಿ ಬಿತ್ರಿ" ಅಂದೆ.

"ಹತ್ತಿ ರೊಟ್ಟಿ ಮಾಡ್ತೀಯೇನು?"

ಮತ್ತ ಜೋಳ. ಮತ್ತ ಹೂವು. ಎತ್ತಿಗೆ ಮೇಯಾಕ ಜೋಳದ ಸೊಪ್ಪಿ ಇಲ್ಲದಂಗಾತು, ಎತ್ತು ಮಾರಿದ್ವಿ. ಎತ್ತು ಹೋದ ಮ್ಯಾಲ ಹತ್ತಿ ಬಿತ್ತಾಕೂ ಆಗಲಿಲ್ಲ. ಹೊಲ ಭಾವಗ ಬಿಟ್ಟುಕೊಟ್ಟು ಸಿರುಗುಪ್ಪಕ್ಕ ಭತ್ತ ನಾಟಿ ಕೂಲಿಗೆ ಹೋಗೋದು ಅಂತಾತು.

ಊರು ಬಿಟ್ಟು ಹೊಂಡೋ ದಿನ ಬಾವಿ ಹತ್ರ ನೆಗೆಣ್ಣಿ ಸಿಕ್ಕಳು.

"ಅಕ್ಕಾ, ನಿನಗ ಗೊತ್ತಿತ್ತಲ್ಲ?"

ಅಕಿ ಕೊಡ ಮ್ಯಾಲಕ್ಕ ಎಳಕೊಂಡಳು. "ಗೊತ್ತಿತ್ತು. ನನಗೂ ಮಕ್ಕಳದಾರ. ಆರಿಸಿದಾವ ನಿನ್ನ ಗಂಡ."

ಕೊಡ ಹೊರಸಾಕ ಕೈ ಕೊಡು ಅಂದಳು. ಕೊಟ್ಟೆ.

ಭಾವ ಆ ಹೊಲದಾಗ ಹತ್ತಿ ಬಿತ್ತಿದ. ಚಲೋ ಬಂತಂತ. ನನ್ನ ಗಂಡ ಸಾಯೋತನಕ ಕುರುಗೋಡಿನ ಬಸ್ಸು ಹತ್ತಲಿಲ್ಲ.