ಸಾಕೆಟ್ಟಿಗೆ ಇಟ್ಟ ಕುಂಕುಮ

"ಇಲ್ಲಿಗೆ ಕುಂಕುಮ ಇಟ್ಟೋರು ಯಾರು ಸಾರ್? ಇದಕ್ಕೆಲ್ಲಾ ವಾರಂಟಿ ಬರಲ್ಲ." ಹೊಸೂರಿನ ಶೋರೂಮಿನಲ್ಲಿ ಸರ್ವಿಸ್ ಮ್ಯಾನೇಜರ್, ಕೆಟ್ಟುನಿಂತು ಎಳೆಸಿಕೊಂಡು ತಂದಿದ್ದ ನನ್ನ ಹೊಸ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಸಾಕೆಟ್ಟಿನೊಳಗೆ ಅಂಟಿದ್ದ ಕೆಂಪು ಪುಡಿ ತೋರಿಸಿ ಕೇಳಿದ.

ಹಿಂದಿನ ದಿನ ಬೆಳಿಗ್ಗೆ ರಾಯಕೋಟೆಯಲ್ಲಿ ದೊಡ್ಡಮ್ಮ ತೀರಿಹೋಗಿದ್ದಳು. ನನ್ನನ್ನು ಎತ್ತಿ ಆಡಿಸಿದವಳು. ಸುದ್ದಿ ತಿಳಿದು ಹೊರಡಲೆಂದು, ಚಾರ್ಜಿಗೆ ಹಾಕಿದ್ದ ಕಾರಿನ ವಯರು ಕಿತ್ತು ಒಳಗೆ ಕೂತರೆ ಪರದೆಯ ತುಂಬ ಎಚ್ಚರಿಕೆಯ ದೀಪಗಳು. ಕಾರು ಅಲುಗಲಿಲ್ಲ. ಶೋರೂಮಿಗೆ ಫೋನ್ ಮಾಡಿದರೆ, ಲಾಕ್ ಮಾಡಿ ಸ್ವಲ್ಪ ಹೊತ್ತು ದೂರ ನಿಲ್ಲಿ, ತಾನೇ ಸರಿಹೋಗುತ್ತದೆ ಎಂದರು. ಹೊಸೂರಿನ ಮೂಕಂಡಪಲ್ಲಿಯ ನಮ್ಮ ಮನೆ ಬೀದಿಯಲ್ಲಿ, ಕೈಯಲ್ಲಿ ಹೂವಿನ ಹಾರ ಹಿಡಿದು, ನನ್ನದೇ ಕಾರಿನಿಂದ ದೂರ ನಿಂತೆ. ಹತ್ತಿದೆ, ಇಳಿದೆ, ಮತ್ತೆ ನಿಂತೆ. ಕೊನೆಗೆ ಬಸ್ಸು ಹಿಡಿದು ರಾಯಕೋಟೆ ಸೇರುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ದೊಡ್ಡಮ್ಮನ ಮಗ, ನನ್ನ ಅಣ್ಣ, ಮುಖ ನೋಡದೆ ಹೇಳಿದ: "ಇನ್ನೆಷ್ಟೊತ್ತು ಕಾಯಾನ ಕಣ್ಲಾ? ಹಾರಾನ ಮಣ್ಣಿನ ಮ್ಯಾಲೇ ಹಾಕ್ಬುಡು."

ನಾನು ಮ್ಯಾನೇಜರನಿಗೆ ಗಾಜಿನಾಚೆ ಕೈ ತೋರಿಸಿದೆ. ಅಲ್ಲಿ ಇನ್ನೊಬ್ಬರಿಗೆ ಹೊಸ ಕಾರು ಒಪ್ಪಿಸುವ ಪೂಜೆ ನಡೆದಿತ್ತು. ನನ್ನ ಕಾರಿಗೆ ಮಾಡಿದಂತೆಯೇ ಶೋರೂಮಿನದೇ ಸೇಲ್ಸ್‌ನವನು ಸಾಕೆಟ್ಟಿನ ಮುಚ್ಚಳ ತೆರೆದು ಧಾರಾಳವಾಗಿ ಕುಂಕುಮ ಇಡುತ್ತಿದ್ದ. ಮ್ಯಾನೇಜರ್ ತಿರುಗಿ ನೋಡಿ, ಸ್ವಲ್ಪವೂ ಅಳುಕದೆ, "ಅದು ಡೆಲಿವರಿ ಸೆಕ್ಷನ್ ಸಾರ್, ನಮ್ದು ಸರ್ವಿಸ್" ಎಂದ.

ಕಾರು ಈಗ ಚೆನ್ನಾಗಿಯೇ ಓಡುತ್ತಿದೆ. ದೊಡ್ಡಮ್ಮನ ತಿಥಿಗೆ ನಾನು ಬಸ್ಸಿನಲ್ಲೇ ಹೋದೆ. ಕಾರೆಲ್ಲಿ ಎಂದು ಅಣ್ಣ ಕೇಳಲೂ ಇಲ್ಲ.